ಮೋಟಾರು ಬಿಚ್ಚಿ ನೋಡಿದ್ದೀರಾ, ಸ್ವಾಮಿ?

ಭವಿಷ್ಯದ ವಾಹನಗಳ ಮೇಲೆ ಹಣ ಸುರಿಯಲು ಹೊರಟಿರುವ ಹೂಡಿಕೆದಾರ ಮಹಾಶಯರಿಗೆ, ಪೀಣ್ಯದ ಒಂದು ವೈಂಡಿಂಗ್ ಅಂಗಡಿಯಿಂದ ಸಾಷ್ಟಾಂಗ ನಮಸ್ಕಾರ.

ತಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಬಿಡುಗಡೆ ಸಮಾರಂಭವನ್ನು ಮೊಬೈಲಿನಲ್ಲಿ ನೋಡಿ ಧನ್ಯನಾದೆ. ದೊಡ್ಡ ಪರದೆಯಂತೆ, ಹಾಡು ಹೇಳುತ್ತದಂತೆ, ಮಾಲೀಕನ ಮೂಡು ನೋಡಿ ದೀಪದ ಬಣ್ಣ ಬದಲಿಸುತ್ತದಂತೆ. ಚಕ್ರ ತಿರುಗಿಸುವ ಮೋಟಾರಿನ ಬಗ್ಗೆ ಮಾತ್ರ ತಾವು ಆಡಿದ್ದು ಒಂದೇ ಮಾತು: ‘ಪವರ್‌ಫುಲ್’. ಅದನ್ನು ಮಾಡಿದವರಾರು, ಒಳಗಿನ ಆಯಸ್ಕಾಂತ ಎಲ್ಲಿಂದ ಬಂತು ಎಂದು ಕೇಳುವ ಕೆಟ್ಟ ಬುದ್ಧಿ ಸಭೆಯಲ್ಲಿ ಯಾರಿಗೂ ಇರಲಿಲ್ಲ. ನನಗಿದೆ. ಬೋರ್‌ವೆಲ್ಲಿನ ಸುಟ್ಟ ಮೋಟಾರು ಬಿಚ್ಚಿ ತಾಮ್ರ ಸುತ್ತುವವನಿಗೆ ಒಳಗೆ ಇಣುಕುವ ಚಾಳಿ ಬಿಡುವುದಿಲ್ಲ.

ನಮ್ಮಲ್ಲಿಗೆ ಬರುವ ಇಂಡಕ್ಷನ್ ಮೋಟಾರಿನಲ್ಲಿ ಆಯಸ್ಕಾಂತವೇ ಇಲ್ಲ. ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದದ್ದು. ಆತನ ಹೆಸರಿಟ್ಟುಕೊಂಡ ಕಂಪನಿಯ ಮೊದಲ ಕಾರೂ ಇಂಥದರಲ್ಲೇ ಓಡಿತು. ತಮ್ಮ ಸ್ಕೂಟರಿನದು ಬೇರೆ ಜಾತಿ. ಸಣ್ಣ ಜಾಗದಲ್ಲಿ ಹೆಚ್ಚು ಬಲ ಬೇಕು, ಬ್ಯಾಟರಿಯೂ ಉಳಿಯಬೇಕು. ಅದಕ್ಕೇ ನಿಯೋಡಿಮಿಯಂ ಆಯಸ್ಕಾಂತ. ಕಾದಾಗ ಅದರ ಶಕ್ತಿ ಇಳಿಯದಿರಲೆಂದು ಚಿಟಿಕೆ ಡಿಸ್ಪ್ರೋಸಿಯಂ. ಈ ಚಿಟಿಕೆಗೇ ಚೀನಾ 2025ರ ಏಪ್ರಿಲ್ 4ರಂದು ಪರವಾನಗಿಯ ಬೀಗ ಜಡಿಯಿತು. ಆಗ ತಮ್ಮ ಬಳಗದವರ ಮುಖ ನೋಡಬೇಕಿತ್ತು! ಪರದೆ ಸಿದ್ಧ, ಆ್ಯಪ್ ಸಿದ್ಧ, ಹಾಡೂ ಸಿದ್ಧ. ಚಕ್ರ ತಿರುಗುವುದೊಂದು ಬಾಕಿ.

ಚೀನಾವನ್ನು ಬೈಯಲು ನಾನೂ ತಯಾರಿದ್ದೆ. ಆದರೆ ಈ ಆಯಸ್ಕಾಂತವನ್ನು 1980ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಮಸಾಟೊ ಸಗಾವ ಮತ್ತು, ಅದೇ ಹೊತ್ತಿಗೆ, ಅಮೆರಿಕದ ಜನರಲ್ ಮೋಟಾರ್ಸ್‌ನವರು. ಅದಕ್ಕೆಂದೇ ಕಟ್ಟಿದ ಮ್ಯಾಗ್ನಿಕ್ವೆಂಚ್ ಘಟಕವನ್ನು ಜನರಲ್ ಮೋಟಾರ್ಸ್ 1990ರ ದಶಕದಲ್ಲಿ ಮಾರಿಬಿಟ್ಟಿತು. ಕೊಂಡವರ ಗುಂಪಿನಲ್ಲಿ ಚೀನಾದ ಕಂಪನಿಗಳಿದ್ದವು. ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಒಪ್ಪಿಸಬೇಕಾದವರ ಕೈಗೆ ಆಯಸ್ಕಾಂತವೂ ಅಂಟಿಕೊಳ್ಳುವುದಿಲ್ಲ, ನೋಡಿ.

ನಾವೇನು ಕಡಿಮೆಯೇ? ಕೇರಳದ ಚವರ, ಒಡಿಶಾದ ಛತ್ರಪುರದ ಕಡಲ ಮರಳಿನಲ್ಲಿ ನಿಯೋಡಿಮಿಯಂ ಇದೆ. ಆ ಮರಳಿಗೆಂದೇ 1950ರಿಂದ ಸರ್ಕಾರಿ ಕಂಪನಿಯಿದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆವು. ಕೊನೆಗೆ 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ವರ್ಷಕ್ಕೆ 6,000 ಟನ್ ಆಯಸ್ಕಾಂತ ಇಲ್ಲೇ ತಯಾರಾಗಬೇಕಂತೆ. ಆಗಲಿ. ಡಿಸ್ಪ್ರೋಸಿಯಂ ಮಾತ್ರ ನಮ್ಮ ಮರಳಿನಲ್ಲಿ ತೆಗೆಯುವಷ್ಟು ಇಲ್ಲ. ಭಾಷಣದಲ್ಲಿ ಅದು ಬರುವುದಿಲ್ಲ.

ಮೋಟಾರು ನಮಗೆ ಹೊಸದೂ ಅಲ್ಲ. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಜರ್ಮನಿಯ ಎಇಜಿ ಜೊತೆ ಸೇರಿ ಮೋಟಾರು, ಟ್ರಾನ್ಸ್‌ಫಾರ್ಮರು ಮಾಡುತ್ತಿತ್ತು. ಕಾರ್ಖಾನೆ ಈ ಶತಮಾನದ ಆರಂಭದಲ್ಲೇ ಮುಚ್ಚಿತು. ಅಲ್ಲಿ ಏನೇನು ತಯಾರಾಗುತ್ತಿತ್ತೆಂದು ಕೇಳಿದರೆ ತಲೆ ಕೆರೆದುಕೊಳ್ಳುವವರಿಗೂ ಆ ಜಾಗದ ಬೆಲೆ ಬಾಯಿಪಾಠ.

ಆಯಸ್ಕಾಂತವೇ ಬೇಡವೆನ್ನುವ ದಾರಿಗಳೂ ಇವೆ. ಬಿಎಂಡಬ್ಲ್ಯು, ರೆನೋ ಕಂಪನಿಗಳು ತಮ್ಮ ಕೆಲವು ಕಾರುಗಳಲ್ಲಿ ರೋಟರಿಗೂ ತಾಮ್ರ ಸುತ್ತಿ ಕೆಲಸ ಮುಗಿಸಿವೆ. ಸುದ್ದಿ ಕೇಳಿ ಎದೆಯುಬ್ಬಿಸಿದೆ: ಅವರೂ ನಮ್ಮವರೇ, ವೈಂಡಿಂಗ್‌ನವರು! ಇನ್ನೊಂದು ಸ್ವಿಚ್ಡ್ ರಿಲಕ್ಟೆನ್ಸ್ ಮೋಟಾರು. ರೋಟರಿನಲ್ಲಿ ಬರೀ ಉಕ್ಕು, ಆದರೆ ಗದ್ದಲ ಜಾಸ್ತಿ, ಅದನ್ನು ಪಳಗಿಸುವ ಕಂಟ್ರೋಲರು ಕಷ್ಟದ್ದು. ಬೆಂಗಳೂರಿನಲ್ಲೇ ಇಂಥ ಮೋಟಾರುಗಳ ಬೆನ್ನು ಹತ್ತಿರುವ ಹುಡುಗರಿದ್ದಾರೆ. ಅವರಿಗೆ ಬೇಕಿರುವುದು ಪರೀಕ್ಷೆಯ ಬೆಂಚು, ಒಳ್ಳೆಯ ಉಕ್ಕಿನ ತಗಡು, ಮತ್ತು ಹತ್ತು ಮೋಟಾರು ಸುಟ್ಟರೂ ‘ಹನ್ನೊಂದನೆಯದು ಯಾವಾಗ?’ ಎಂದು ಕೇಳುವ ಧಣಿ.

ಅಷ್ಟು ತಾಳ್ಮೆ ತಮಗಿಲ್ಲವೆಂದರೆ ಸಂಕೋಚ ಬೇಡ. ನಮ್ಮ ಅಂಗಡಿಯ ಹಿಂದೆ ಮೂವತ್ತು-ನಲವತ್ತರ ಸೈಟೊಂದು ಮಾರಾಟಕ್ಕಿದೆ. ಕಾರ್ನರ್ ಸೈಟು, ಪೂರ್ವಕ್ಕೆ ಬಾಗಿಲು. ಎರಡು ಪರ್ಸೆಂಟ್ ಕಮಿಷನ್ ನನಗೆ ಬಿಡಿ.

ಇಂತಿ ತಮ್ಮ ವಿಧೇಯ,
ವೈಂಡಿಂಗ್‌ನವನು