ಅಜ್ಜನನ್ನು ಎಬ್ಬಿಸಿದ ಕಥೆ

ಐಆರ್‌ಸಿ ಎಂಬ ಹರಟೆಕಟ್ಟೆ ಕಾಯಲು 1993ರಲ್ಲಿ ಹುಟ್ಟಿದ ಎಗ್‌ಡ್ರಾಪ್ ಬಾಟ್ ಇನ್ನೂ ಬದುಕಿದೆ. ಸಾಕುವವರು ಬದಲಾದರು, ಈ ಅಜ್ಜನ ಹಟ ಬದಲಾಗಲಿಲ್ಲ. ಮೊನ್ನೆ ಹಳೇ ಲ್ಯಾಪ್‌ಟಾಪಿನಲ್ಲಿ ಎಬ್ಬಿಸಲು ಕೂತೆ. ಮೊದಲು 'ಟಿಸಿಎಲ್ ಎಲ್ಲಿ?' ಎಂದು ಮುನಿಸಿಕೊಂಡಿತು; ಕಷಾಯದಂತೆ ಆ ಸ್ಕ್ರಿಪ್ಟಿಂಗ್ ಭಾಷೆಯನ್ನೂ ಕುಡಿಸಿದೆ. ಕಾನ್ಫಿಗ್ ಫೈಲಿನಲ್ಲಿ ಹೆಸರಷ್ಟೇ ತುಂಬಿ ಓಡಿಸಿದರೆ ತಕ್ಷಣ ಪ್ರಾಣ ಬಿಟ್ಟಿತು! ನೋಡಿದರೆ, ಪೂರ್ತಿ ಓದದ ಸೋಮಾರಿಗಳಿಗೆಂದೇ ನಡುವೆ 'ಡೈ' ಎಂಬ ಸಾಲು ಹೂತಿಟ್ಟಿದ್ದಾರೆ. ಥೇಟ್ ನಮ್ಮ ಗಣಿತದ ಮೇಷ್ಟ್ರ ಬುದ್ಧಿ. ಸಾಲು ಅಳಿಸಿದೆ, ಅಜ್ಜ ಎದ್ದ. 'ಹಲೋ' ಎಂದೆ, ಮೊದಲು ಮಾತಾಡಿಸಿದವನೇ ಯಜಮಾನ ಎಂದು ಒಪ್ಪಿಕೊಂಡ. ಈಗ ಚಾನೆಲ್‌ನಲ್ಲಿ ಇಬ್ಬರೇ: ನಾನು, ಅವನು. ಇರಲಿ, ಮನೆಯಲ್ಲಿ ನನ್ನನ್ನು ಯಜಮಾನ ಅನ್ನುವ ಒಬ್ಬನಾದರೂ ಸಿಕ್ಕನಲ್ಲ!