ನಾಯಕನಹಟ್ಟಿ ಸೀಮೆಯ ನಿಘಂಟುಗಳು: ಒಂದು ಬಹುಶಿಸ್ತೀಯ ಅಧ್ಯಯನ

ಪ್ರಸ್ತುತ ಅಧ್ಯಯನವು ನಾಯಕನಹಟ್ಟಿಯನ್ನು ಕೇಂದ್ರವಾಗಿಸಿಕೊಂಡು, ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಭಾಷಾಕಲಿಕಾರ್ಥಿಗಳ ನಿಘಂಟುಬಳಕೆಯ ನೆಲೆಗಳನ್ನು ಸಾಂಸ್ಕೃತಿಕ ಮುಖಾಮುಖಿಯ ತಾತ್ವಿಕ ಚೌಕಟ್ಟಿನಲ್ಲಿ ಅನುಸಂಧಾನಿಸುತ್ತದೆ. ಈ ವಾಕ್ಯ ಸಂಶೋಧಕನಿಗೂ ಪೂರ್ತಿ ಅರ್ಥವಾಗಿಲ್ಲ, ಮಾರ್ಗದರ್ಶಕರು ಮೆಚ್ಚಿದ್ದಾರೆ. ಅಧ್ಯಯನದ ಮಿತಿ: ಚಳ್ಳಕೆರೆಗೆ ಹೊರಡುವ ಸಂಜೆಯ ಬಸ್ಸು.

ನಿಘಂಟುಗಳು ಮೂಲತಃ ಎರಡು ಬಗೆ: ಸ್ಥಾವರ ಮತ್ತು ಜಂಗಮ. ಸ್ಥಾವರದಲ್ಲಿ ಮತ್ತೆ ಬೀರುಸ್ಥ, ಜಾತ್ರೋದ್ಭವ, ಕರಸ್ಥ ಎಂಬ ಉಪವರ್ಗಗಳು. ಅವುಗಳಲ್ಲಿ ತಲಾ ನಾಲ್ಕು ಪ್ರಭೇದ.

ಬೀರುಸ್ಥ ನಿಘಂಟಿನ ವಾಸ ಶಾಲೆಯ ಕಬ್ಬಿಣದ ಬೀರುವಿನ ಮೇಲಟ್ಟದಲ್ಲಿ. ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ, ಹೆಡ್‌ಮಾಸ್ಟರು ಮೀಟಿಂಗಿನಲ್ಲಿ. ಇನ್‌ಸ್ಪೆಕ್ಷನ್ ದಿನ ಹೊರಬಂದು, ಮೈ ಒರೆಸಿಕೊಂಡು, ಮೇಜಿನ ಮೇಲೆ ಕೂತು, ಸಂಜೆಗೆ ಒಳಹೋಗುತ್ತದೆ. ಜಾತ್ರೋದ್ಭವವು ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಬೆಂಡು-ಬತ್ತಾಸಿನ ಪಕ್ಕ ಸಿಗುವಂಥದು. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವುದಾಗಿ ರಟ್ಟಿನ ಮೇಲೇ ಮಾತು ಕೊಡುತ್ತದೆ. ಕರಸ್ಥ ಎಂದರೆ ಮೊಬೈಲಿನದು. ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿ, 2019ರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ‘ಅಲರ್’ ಇದಕ್ಕೆ ನಿದರ್ಶನ. ಅಣಕಕ್ಕೆ ಇಲ್ಲಿ ಏನೂ ಸಿಗಲಿಲ್ಲ. ಆದರೆ ಅರ್ಥಗಳು ಇಂಗ್ಲಿಷಿನಲ್ಲಿವೆ ಎಂಬುದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ. ಪ್ರಭೇದಗಳನ್ನು ಕೈಬಿಟ್ಟಿದ್ದೇನೆ.

ಕ್ಷೇತ್ರಕಾರ್ಯ. ವಕ್ತೃ: ಮ್ಯಾಸನಾಯಕ ಸಮುದಾಯದ ಹಟ್ಟಿಯ ಒಂದನೇ ಕ್ಲಾಸಿನ ಹುಡುಗ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೋಡೆಯ ಮೇಲೆ ಇಂಗ್ಲಿಷ್. ಪಠ್ಯ: ‘ಅಮ್ಮ ನೀರು ತಂದಳು.’ ಅಮ್ಮ ಗೊತ್ತು, ನೀರು ಗೊತ್ತು. ‘ತಂದಳು’ ಎಂಬಲ್ಲಿ ನಿಂತ. ಅವನ ಪರವಾಗಿ ಸಂಶೋಧಕನೇ ಕನ್ನಡ-ಕನ್ನಡ ನಿಘಂಟು ಬಿಚ್ಚಿದ. ‘ತಂದಳು’ ಇಲ್ಲ. ಧಾತು ‘ತರು’ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅಲ್ಲಿಗೆ ದಾರಿ. ‘ತರು’ವಿಗೆ ಹೋದರೆ ಕಣ್ಣಿಗೆ ಬಿದ್ದ ಅರ್ಥ: ಮರ, ವೃಕ್ಷ. ಅಮ್ಮ, ನೀರು, ಮರ. ಪರಿಸರ ಪ್ರಜ್ಞೆಯ ದೃಷ್ಟಿಯಿಂದ ವಾಕ್ಯ ಮಹತ್ವದ್ದೇ. ಅಷ್ಟರಲ್ಲಿ ಅದೇ ಕೋಣೆಯ ಹಿಂದಿನ ಸಾಲಿನಲ್ಲಿದ್ದ ಮೂರನೇ ಕ್ಲಾಸಿನ ಹುಡುಗಿ ತಲೆ ಎತ್ತದೆಯೇ ತೆಲುಗಿನಲ್ಲಿ ‘ತೆಚ್ಚಿಂದಿ ರಾ’ ಎಂದಳು. ಅವನು ಮುಂದಿನ ಸಾಲಿಗೆ ಹೋದ. ಇದೇ ಜಂಗಮ ನಿಘಂಟು.

ಇಲ್ಲಿಂದ ಚೌಕಟ್ಟು ಬೇಡ.

1853ರಲ್ಲಿ ಜರ್ಮನಿಯಿಂದ ಬಂದು ಕನ್ನಡ ಕಲಿತ ಕಿಟೆಲ್, 1894ರ ತನ್ನ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲೇ ಕನ್ನಡ ಪದದ ಪಕ್ಕ ತೆಲುಗು-ತಮಿಳಿನ ದಾಯಾದಿ ಪದಗಳನ್ನು ಕೂರಿಸಿದ್ದ. ಈ ಹುಡುಗನಿಗೆ ಬೇಕಾದ ದಾರಿ ಅಲ್ಲಿದೆ, ಆದರೆ ‘ಅಲರ್’ನಂತೆ ಅಲ್ಲೂ ಇಂಗ್ಲಿಷ್ ದಾಟಿಕೊಂಡು ಹೋಗಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು 1995ರಲ್ಲಿ ಎಂಟು ಸಂಪುಟಕ್ಕೆ ಮುಗಿಯಿತು. ಶಾಸನ-ಕಾವ್ಯಗಳಿಂದ ಪ್ರಯೋಗ ಹೆಕ್ಕಿಕೊಟ್ಟ ದೊಡ್ಡ ಕೆಲಸ, ಕನ್ನಡ ಬಲ್ಲವರಿಗೆ. ಕನ್ನಡ ಬಾರದೆ ಕನ್ನಡ ನಾಡಿನಲ್ಲೇ ಹುಟ್ಟಿದ ಮಗುವನ್ನು ಯಾರು ಲೆಕ್ಕಕ್ಕೆ ಹಿಡಿದರು?

ಇದೇ ಹಟ್ಟಿಗಳಿಗೆ ನಾವು ಸಂಶೋಧಕರು ಟೇಪ್‌ರೆಕಾರ್ಡರ್ ಕಾಲದಿಂದ ಎಡತಾಕಿದ್ದೇವೆ. ದೇವರೆತ್ತು, ಅವನ್ನು ಕಾಯುವ ಕಿಲಾರಿ, ಹಾಡು, ಕಥೆ, ಯಾವುದನ್ನೂ ಬಿಟ್ಟಿಲ್ಲ. ಅಜ್ಜಿಯ ಬಾಯಿಂದ ಒಂದೊಂದೇ ಮಾತು ಕಿತ್ತುಕೊಂಡು ಹೋಗಿ ಡಾಕ್ಟರೇಟ್ ಮಾಡಿಕೊಂಡೆವು, ‘ಅನನ್ಯ ಭಾಷಿಕ ಸಂಪತ್ತು’ ಎಂದು ಬರೆದು ಬಡ್ತಿ ಪಡೆದೆವು. ಆ ಅಜ್ಜಿಯ ಮೊಮ್ಮಗನಿಗೆ ನಲವತ್ತು ಪುಟದ ತೆಲುಗು-ಕನ್ನಡ ಪದಪಟ್ಟಿ, ಚಿತ್ರ ಹಾಕಿ, ದೊಡ್ಡಕ್ಷರದಲ್ಲಿ ಅಚ್ಚು ಮಾಡಿ ಕೈಗೆ ಕೊಡಲಿಕ್ಕೆ ಏನು ಅಡ್ಡ ಬಂತು? ಪಕ್ಕದ ಕಾವಲಿನ ಮೇಲೆ ಚಾಲಕನಿಲ್ಲದ ವಿಮಾನವನ್ನೇ ಹಾರಿಸುತ್ತೇವೆ, ಒಂದು ಪದಪಟ್ಟಿ ಮಾತ್ರ ಆಗಲಿಲ್ಲ. ಹುಡುಗ ‘ತಂದಳು’ವಿನ ಮುಂದೆ ನಿಂತರೆ ‘ದಡ್ಡ’ ಅನ್ನುತ್ತೇವೆ. ದಡ್ಡನೇನಲ್ಲ ಅವನು. ತೆಲುಗಿನಲ್ಲಿ ಅವನು ಬೈಯುವುದನ್ನು ಕೇಳಿದ್ದೇನೆ, ವಾಕ್ಯರಚನೆಯಲ್ಲಿ ಒಂದು ತಪ್ಪಿಲ್ಲ.

ಹೆಚ್ಚಿನ ಸಂಶೋಧನೆಗೆ ಅವಕಾಶ: ಮೂರನೇ ಕ್ಲಾಸಿನ ಹುಡುಗಿ ಬರುವ ಜೂನಿನಲ್ಲಿ ನಾಲ್ಕಕ್ಕೆ ಹೋಗಿ ಬೇರೆ ಕೋಣೆಯಲ್ಲಿ ಕೂರುತ್ತಾಳೆ. ಪರಿಷ್ಕೃತ ಆವೃತ್ತಿಯ ಬಗ್ಗೆ ಸುತ್ತೋಲೆ ಬಂದಿಲ್ಲ.