ಒಂದೇ ಕಡ್ಡಿ

ಮನೆಯ ಮೊಬೈಲುಗಳಿಗೆಲ್ಲ ವೈಫೈ ಧಾರಾಳ. ಕೋಣೆಯ ಡೆಸ್ಕ್‌ಟಾಪಿಗೆ ಮಾತ್ರ ಒಂದೇ ಕಡ್ಡಿ. ಪಾಪ, ಅದರ ಆಂಟೆನಾ ಇರುವುದೇ ಬೆನ್ನಿಗೆ: ಮುಂದೆ ತಗಡಿನ ಡಬ್ಬ, ಹಿಂದೆ ಗೋಡೆ, ನಡುವೆ ವೈರುಗಳ ಗೋಜಲು. ಡಾಂಗಲ್ ತಂದು ನೀಲಿ ಯುಎಸ್‌ಬಿ 3.0 ಕಿಂಡಿಗೆ ಚುಚ್ಚಿದರೆ ಇನ್ನೊಂದು ರಗಳೆ. ಪಕ್ಕದ ಕಿಂಡಿಯಲ್ಲಿ ಹಾರ್ಡ್‌ಡಿಸ್ಕ್ ಓಡತೊಡಗಿದರೆ ಅದರ ಗದ್ದಲವೂ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ. ಅಡುಗೆಮನೆಯ ಮೈಕ್ರೋವೇವ್ ಕೂಡ ಅದೇ ಬೀದಿಯ ಗಿರಾಕಿ. ಹಾಗಂತ 5 ಗಿಗಾಹರ್ಟ್ಸಿಗೆ ಹೋದರೆ, ಎರಡು ಗೋಡೆ ದಾಟುವಷ್ಟರಲ್ಲಿ ಅದಕ್ಕೆ ಸುಸ್ತು. ಎಕ್ಸ್‌ಟೆನ್ಷನ್ ವೈರಿಗೆ ಡಾಂಗಲ್ ಸಿಕ್ಕಿಸಿ ಮೇಜಿನ ಮೇಲಿಟ್ಟ ಮೇಲೆ ಕಡ್ಡಿ ಮೂರಾಯಿತು. ನಾಲ್ಕನೆಯದು ಬೇಕೆಂದರೆ ರೂಟರ್ ಅಲುಗಬೇಕು. ಅದಿರುವುದು ಶೋಕೇಸಿನೊಳಗೆ, ಹಿತ್ತಾಳೆ ಕೃಷ್ಣನ ಮರೆಯಲ್ಲಿ.

"ಅದನ್ನ ಹೊರಗಿಡೋಣವೇನೇ?" ಅಂದೆ.

"ಚೆನ್ನಾಗಿ ಕಾಣಲ್ಲ ಕಣ್ರೀ" ಎಂದಳು.

ಸಂಜೆ ಹೋಗಿ ಲ್ಯಾನ್ ಕೇಬಲ್ ತಂದೆ.